ಹಿನ್ನೀರಿಗೆ ಒಯ್ಯುವ ದುರ್ಬೀನು

ಸೋಮವಾರಪೇಟೆಯ ಆಷಾಢದಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದು. ಹಾಗಿರುವಾಗ ಚರ್ಮದ ಚೀಲದೊಡನೆ ಕಪಾಟು ಸೇರಿದ ದುರ್ಬೀನಿನ ಪಾಡೇನು? ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮಸೂರದ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಬೆಲೆಯುಳ್ಳ ವಸ್ತು ಮಕ್ಕಳ ಆಟಿಕೆಯಾಗುತ್ತದೆ. ಅದನ್ನೇ ಕಯಾಕ್ ಎಂಬ ಕಿರುದೋಣಿಯಲ್ಲಿ ಒಯ್ಯಬೇಕೆನ್ನುವವರಿಗೆ ಎಚ್ಚರ ಇಮ್ಮಡಿಯಾಗಿರಬೇಕು.

ಕುಶಾಲನಗರದ ಸಮೀಪದ ಹಾರಂಗಿ ಹಿನ್ನೀರಿನಂಥ ಕಡೆ, ಅನುಮತಿಯಿರುವಲ್ಲಿ, ಕಯಾಕಿನಲ್ಲಿ ಕುಳಿತವನ ಕಣ್ಣು ನೀರಿನಿಂದ ಮೂರಡಿಯಷ್ಟೂ ಮೇಲಿರುವುದಿಲ್ಲ. ಹುಟ್ಟಿನಿಂದ ಸಿಡಿದ ಹನಿ ನೇರ ಎದೆಗೇ ಬಡಿಯುತ್ತದೆ. ದಡಕ್ಕಿಳಿದ ಆನೆಯನ್ನು ದೂರದಿಂದಲೇ ಗುರುತಿಸಿ ದೋಣಿ ತಿರುಗಿಸಬೇಕಾದ ಗಳಿಗೆಯಲ್ಲಿ ಮಂಜು ಕವಿದ ಗಾಜು ಯಾವ ಉಪಕಾರಕ್ಕೂ ಬಾರದು.

ಅಂಗಡಿಗೆ ಹೋದವರು ಮೊದಲು ಕೇಳುವುದು, “ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ?” ಎಂದು. ಹನ್ನೆರಡು ಪಟ್ಟಿನದು ಕೈಯ ನಡುಕವನ್ನೂ ಹನ್ನೆರಡು ಪಟ್ಟು ಹಿಗ್ಗಿಸುತ್ತದೆಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ತೊಟ್ಟಿಲಂತೆ ತೂಗುವ ದೋಣಿಗೆ ಏಳೆಂಟು ಪಟ್ಟು ಸಾಕು. 8×32 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 32 ಮಿಲಿಮೀಟರ್ ಅಗಲದ್ದೆಂದು ಅರ್ಥ. 32ನ್ನು 8ರಿಂದ ಭಾಗಿಸಿದರೆ ಬರುವ 4 ಮಿಲಿಮೀಟರ್ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ; ಹಗಲಿಗೆ ಇದು ಧಾರಾಳ. 7×50 ಮಬ್ಬುಗತ್ತಲಲ್ಲಿ ಮೇಲು, ಆದರೆ ಸುಮಾರು ಒಂದು ಕಿಲೋ ಭಾರವನ್ನು ಕೊರಳಿಗೆ ಕಟ್ಟಿಕೊಂಡು ಹುಟ್ಟು ಹಾಕುವುದು ಸುಖವಲ್ಲ. ಕನ್ನಡಕ ಧರಿಸುವವರು ಅದನ್ನು ತೆಗೆಯದೆಯೇ ಪೂರ್ಣ ದೃಶ್ಯ ಕಾಣುವುದೇ ಎಂದು ಅಂಗಡಿಯಲ್ಲೇ ಪರೀಕ್ಷಿಸುವುದು ಲೇಸು.

ತುಂತುರು ತಡೆಯುವುದು ಬೇರೆ, ನೀರು ಹೊಗದಿರುವುದು ಬೇರೆ. ಐಪಿಎಕ್ಸ್ 7 ಎಂಬ ಗುರುತಿದ್ದರೆ ಒಂದು ಮೀಟರ್ ಆಳದಲ್ಲಿ ಮೂವತ್ತು ನಿಮಿಷ ಮುಳುಗಿದ್ದರೂ ಕೆಡದಂತೆ ಪರೀಕ್ಷಿಸಿದ್ದಾರೆಂದು ತಿಳಿಯಬೇಕು. ಕೊಳವೆಯೊಳಗೆ ತೇವವಿಲ್ಲದ ನೈಟ್ರೋಜನ್ ತುಂಬಿ ರಬ್ಬರ್ ಬಳೆಗಳಿಂದ ಬಿಗಿದಿದ್ದರೆ ಒಳಗಾಜಿಗೆ ಮಂಜು ಕವಿಯದು. ಹೊರಗಾಜನ್ನು ಒರೆಸುವ ಕೆಲಸ ಮಾತ್ರ ತಪ್ಪದು. ನೀರು ಹೊಗದಿದ್ದರೂ ಕೈಜಾರಿದ ದುರ್ಬೀನು ಸಾಮಾನ್ಯವಾಗಿ ಮುಳುಗಿಯೇ ಹೋಗುತ್ತದೆ. ಆದ್ದರಿಂದ ಅದರ ಭಾರವನ್ನು ಎತ್ತಿಹಿಡಿಯಬಲ್ಲ ತೇಲುವ ಪಟ್ಟಿಯನ್ನೂ ಜೊತೆಗೇ ಕೊಳ್ಳಬೇಕು.

ಮನೆಗೆ ಬಂದೊಡನೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಆರಿಸಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಚರ್ಮದ ಚೀಲ ಗೋಡೆಯ ಮೊಳೆಗೆ ತೂಗಿರಲಿ.