ನೊಂದ ಮನಸ್ಸಿಗೆ ಪ್ರಥಮೋಪಚಾರ

ಆಟದ ಬಯಲಿನಲ್ಲಿ ಸಹಪಾಠಿಯೊಬ್ಬನು ಬಿದ್ದು ಮೊಣಕಾಲು ತರಚಿಕೊಂಡರೆ ನಾವು ಗಾಯವನ್ನು ತೊಳೆದು ಪಟ್ಟಿ ಕಟ್ಟುತ್ತೇವೆ. ಪೆಟ್ಟು ಹೆಚ್ಚಾಗಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯುತ್ತೇವೆ. ಗಾಯವು ಎಷ್ಟು ಆಳವೆಂದು ತಿಳಿಯಲು ಅದನ್ನು ಬೆರಳಿನಿಂದ ಕೆದಕುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಮನಸ್ಸಿಗೆ ಪೆಟ್ಟು ಬಿದ್ದಾಗ ನಮ್ಮ ನಡತೆಯೇ ಬೇರೆ. "ಏನಾಯಿತು? ನೀನು ಕಣ್ಣಾರೆ ಕಂಡೆಯಾ?" ಎಂದು ಹತ್ತು ಮಂದಿ ಸುತ್ತುವರಿದು ಕೇಳುತ್ತೇವೆ, ಇಲ್ಲವೆ "ಅಳಬೇಡ, ಮರೆತುಬಿಡು" ಎಂದು ಬಾಯಿ ಮುಚ್ಚಿಸುತ್ತೇವೆ. ಇವೆರಡೂ ಉಪಚಾರವಲ್ಲವೆಂಬುದು ನಮ್ಮ ಅಭಿಪ್ರಾಯ.

ಮುಂಬಯಿಯಲ್ಲಿ ಬಾಳುವ ನಮಗೆ ಈ ವಿಚಾರವು ದೂರದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. 2006ರ ಜುಲೈ 11ರ ಸಂಜೆ ಲೋಕಲ್ ರೈಲುಗಳಲ್ಲಿ ಬಾಂಬುಗಳು ಸಿಡಿದವು. ಇಂತಹ ದಿನಗಳನ್ನು ದಾಟಿ ಬಂದವರ ಮೈಮೇಲೆ ಗಾಯವೇ ಇಲ್ಲದಿರಬಹುದು. ಆದರೂ ರಾತ್ರಿ ನಿದ್ರೆ ಬಾರದು, ಸಣ್ಣ ಸದ್ದಿಗೂ ಎದೆ ನಡುಗುವುದು.

ಮನದಲ್ಲಿರುವುದನ್ನೆಲ್ಲ ಒಮ್ಮೆಗೇ ಹೊರಹಾಕಿಸಿದರೆ ನೋವು ಇಳಿಯುವುದೆಂದು ಬಲ್ಲವರೂ ಒಂದು ಕಾಲದಲ್ಲಿ ನಂಬಿದ್ದುಂಟು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಎಂಬವರು ತುರ್ತುಸೇವೆಯ ಸಿಬ್ಬಂದಿಗಾಗಿ ಇಂತಹದೊಂದು ಕ್ರಮವನ್ನು ಮುಂದಿಟ್ಟರು. ಅದು ಮುಂದೆ ಎಲ್ಲ ಬಗೆಯ ಸಂತ್ರಸ್ತರಿಗೂ ಹರಡಿತು. ಆದರೆ ಒಂದೇ ಬಾರಿ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಮುಂದಿನ ಮನೋವ್ಯಾಧಿಯು ತಪ್ಪುವುದಿಲ್ಲವೆಂದೂ, ಕೆಲವರಿಗೆ ಕೇಡೇ ಆಗಬಹುದೆಂದೂ ಪರೀಕ್ಷೆಗಳಿಂದ ತಿಳಿದುಬಂದಿತು. ತಾನಾಗಿಯೇ, ತನಗೆ ಬೇಕಾದಾಗ, ನೆಚ್ಚಿನವರೊಡನೆ ಹೇಳಿಕೊಂಡರೆ ಹಗುರವಾಗುವುದು ದಿಟ. ಬಲವಂತದಿಂದ ಹೇಳಿಸಿದಾಗ ಆ ಮಾತೇ ಮತ್ತೊಂದು ಪೆಟ್ಟಾಗಬಲ್ಲದು.

ಹಾಗಾದರೆ ಮಾಡಬೇಕಾದುದೇನು? ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಡಗೂಡಿ 2011ರಲ್ಲಿ ಹೊರತಂದ ಕೈಪಿಡಿಯು ಮೂರು ಮಾತುಗಳಲ್ಲಿ ದಾರಿ ತೋರಿಸುತ್ತದೆ: ನೋಡು, ಆಲಿಸು, ಜೋಡಿಸು. ಮೊದಲು ಆ ಸ್ಥಳವು ಸುರಕ್ಷಿತವೇ, ಯಾರಿಗೆ ನೆರವು ಬೇಕು ಎಂಬುದನ್ನು ನೋಡಬೇಕು. ಬಳಿಕ ಅನುಮತಿ ಕೇಳಿ ಬಳಿಯಲ್ಲಿ ಕುಳಿತು, ಅವರು ಹೇಳಿದಷ್ಟನ್ನೇ ಆಲಿಸಬೇಕು. ಕಡೆಗೆ ನೀರು, ಆಹಾರ, ಬಂಧುಗಳು, ವೈದ್ಯರು, ಹೀಗೆ ಬೇಕಾದುದರೊಡನೆ ಅವರನ್ನು ಜೋಡಿಸಬೇಕು. "ಎಲ್ಲ ಸರಿಹೋಗುತ್ತದೆ" ಎಂಬ ಸುಳ್ಳು ಭರವಸೆಯನ್ನು ಮಾತ್ರ ಕೊಡಲಾಗದು.

ಈ ಆಲಿಸುವಿಕೆಯಲ್ಲಿ ಭಾಷೆಯ ಪಾತ್ರವು ಸಣ್ಣದಲ್ಲ. ಪೇಟೆಯಲ್ಲಿ ಮರಾಠಿ, ಹಿಂದಿಗಳನ್ನು ಸರಾಗವಾಗಿ ಆಡುವ ನಮ್ಮ ಮನೆಯ ಹಿರಿಯರೂ ದುಃಖ ಬಂದಾಗ ಕನ್ನಡದಲ್ಲಿಯೇ ಅಳುತ್ತಾರೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯು, ರೋಗಿಗೆ ಚಿಕಿತ್ಸೆಯ ವಿವರವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕನ್ನೂ, ಅವನ ಗುಟ್ಟನ್ನು ಕಾಪಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ನೆರವು ದೊರೆಯುತ್ತದೆ.

ಗೆಳೆಯನು ನಂಬಿ ಹೇಳಿದುದನ್ನು ತರಗತಿಯ ಮಾತಾಗಿಸದಿರುವುದು ನಮ್ಮ ಧರ್ಮ. ಆದರೆ ಅವನ ಪ್ರಾಣಕ್ಕೇ ಅಪಾಯವೆಂದು ತೋರಿದರೆ, ಅಥವಾ ಯಾರಾದರೂ ಅವನನ್ನು ಹಿಂಸಿಸುತ್ತಿದ್ದರೆ, ಆ ಗುಟ್ಟನ್ನು ನಾವೊಬ್ಬರೇ ಹೊರಲಾಗದು. ನೆಚ್ಚಿನ ಹಿರಿಯರೊಬ್ಬರಿಗೆ ಹೇಳಲೇಬೇಕು, ಹಾಗೆ ಹೇಳುವೆವೆಂಬುದನ್ನು ಅವನಿಗೂ ತಿಳಿಸಬೇಕು. ನಾವು ವೈದ್ಯರಲ್ಲ. ಪ್ರಥಮೋಪಚಾರವು ಹೆಸರೇ ಹೇಳುವಂತೆ ಮೊದಲ ಹೆಜ್ಜೆ ಮಾತ್ರ. ಬಹು ಮಂದಿ ತಮ್ಮವರ ಆಸರೆಯಲ್ಲಿ ಕಾಲಕ್ರಮದಿಂದ ಚೇತರಿಸಿಕೊಳ್ಳುತ್ತಾರೆ; ಕೆಲವರಿಗೆ ದೀರ್ಘ ಚಿಕಿತ್ಸೆ ಬೇಕಾಗುತ್ತದೆ.

ರಜೆ ಕಳೆದು ಶಾಲೆ ತೆರೆದಾಗ ಯಾವುದೋ ಒಂದು ಬೆಂಚಿನಲ್ಲಿ ಮಾತು ಮರೆತು ಕುಳಿತ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. ಆಗ ಪ್ರಶ್ನೆಗಳ ಮಳೆ ಸುರಿಸದೆ, "ನಾನು ಇಲ್ಲಿ ಕುಳಿತುಕೊಳ್ಳಲೇ?" ಎಂದು ಮೊದಲು ಕೇಳೋಣ.