ಬಿಸಿ ರೊಟ್ಟಿಯ ಲೆಕ್ಕ



ಮಳೆಗಾಲ ಮುಗಿದು ಶರತ್ಕಾಲ ಕಾಲಿಡುತ್ತಿದೆ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಚಿಂಚೋಳಿ ಕಾಡು ಇನ್ನೂ ಹಸಿರು. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು ಇದು. ಸೇಡಂ, ಚಿತ್ತಾಪುರದ ಹೊಲಗಳಲ್ಲಿ ತೊಗರಿ ಇನ್ನೇನು ಹಳದಿ ಹೂ ಬಿಡಲಿದೆ. ಮನೆಯೊಳಗೆ ಶಹಾಬಾದ್ ಕಲ್ಲಿನ ತಂಪು ನೆಲ, ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ತೊಗರಿ ಬೇಳೆ. ಇವೆಲ್ಲ ಸಣ್ಣ ವಿಷಯಗಳೇ?

ಹಸಿದಿದ್ದ ಪ್ರವಾದಿ(ಸ)ರು ಅಬೂಬಕರ್(ರ) ಮತ್ತು ಉಮರ್(ರ)ರೊಂದಿಗೆ ಅನ್ಸಾರಿಯೊಬ್ಬರ ಮನೆಗೆ ಹೋಗಿ ಖರ್ಜೂರ, ಮಾಂಸ ತಿಂದು ನೀರು ಕುಡಿದರು. ಈ ಅನುಗ್ರಹಗಳ ಬಗ್ಗೆಯೂ ಅಂತ್ಯದಿನ ವಿಚಾರಣೆಯಿದೆ ಎಂದು ಆಗ ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆಯಿದೆ.

ಇದನ್ನು ಪಾಠ ಹೇಳುವ ನಾನೇ ಒಂದು ಸಂಜೆ ಊಟಕ್ಕೆ ಕುಳಿತು ಅನುಗ್ರಹಗಳನ್ನು ಎಣಿಸುತ್ತಿದ್ದೆ. ನಮಗೆಲ್ಲ ಬಿಸಿ ರೊಟ್ಟಿ ಬಡಿಸಿದ ನನ್ನ ಮಡದಿ ಕೊನೆಗೆ ಆರಿದ ರೊಟ್ಟಿ ಮುರಿಯುತ್ತಿದ್ದಳು. ನನ್ನ ಎಣಿಕೆಯಲ್ಲಿ ಅವಳ ದುಡಿಮೆ ಸೇರಿರಲೇ ಇಲ್ಲ! ಜನರಿಗೆ ಕೃತಜ್ಞರಾಗದವರು ಅಲ್ಲಾಹನಿಗೂ ಕೃತಜ್ಞರಾಗಲಾರರೆಂದು ಪ್ರವಾದಿ(ಸ)ರು ಕಲಿಸಿಲ್ಲವೇ?

ಸಹೋದರಿಯರೇ, ಇಂದು ಒಂದು ಬಿಸಿ ರೊಟ್ಟಿ ನಿಮ್ಮ ತಾಟಿಗೂ ಬೀಳಲಿ. ಈ ಪುಟವನ್ನು ಮನೆಯ ಗಂಡಸರಿಗೂ ಓದಿ ಹೇಳಿ.