ಎರಡನೇ ಆಲ್ಬಂಗೆ ನಿಜಕ್ಕೂ 'ಶಾಪ' ಇದೆಯೇ?

ಮೊದಲ ಆಲ್ಬಂ ಸೂಪರ್ ಹಿಟ್ ಆದರೆ ಎರಡನೆಯದು ಸೋಲುವುದು ಖಚಿತ, ಅದಕ್ಕೊಂದು ಶಾಪವಿದೆ ಎಂಬ ಮಾತು ಪಾಪ್ ಸಂಗೀತ ಲೋಕದಲ್ಲಿ ಬಹಳ ಹಳೆಯದು. ನಮ್ಮಲ್ಲೂ ಮೊದಲ ಸಿನಿಮಾ ಗೆದ್ದ ನಿರ್ದೇಶಕರ ಎರಡನೇ ಸಿನಿಮಾ ಬಗ್ಗೆ ಇದೇ ಮಾತನ್ನು ನೀವು ಕೇಳಿರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ.

ಬ್ರಿಟನ್ನಿನ ಗಾಯಕಿ ಅಡೆಲ್ ಅವರ ಮೊದಲ ಆಲ್ಬಂ '19' ಬಂದದ್ದು 2008ರಲ್ಲಿ. ಮರುವರ್ಷ ಅವರಿಗೆ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಶಾಪ ನಿಜವಾಗಿದ್ದರೆ 2011ರ ಜನವರಿಯಲ್ಲಿ ಬಂದ ಎರಡನೇ ಆಲ್ಬಂ '21' ಮಕಾಡೆ ಮಲಗಬೇಕಿತ್ತು. ಆದರೆ ಅದು ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಒಟ್ಟು 24 ವಾರ ಮೊದಲ ಸ್ಥಾನದಲ್ಲಿತ್ತು. 2012ರಲ್ಲಿ ಅಡೆಲ್ ಆರು ಗ್ರ್ಯಾಮಿ ಗೆದ್ದರು. ಜಗತ್ತಿನಾದ್ಯಂತ 3 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು.

ಈ ಗೆಲುವಿನ ಹಿಂದೆ ಪವಾಡವೇನೂ ಇರಲಿಲ್ಲ. ಪ್ರೀತಿ ಮುರಿದುಬಿದ್ದ ನೋವನ್ನು ಅಡೆಲ್ ಹಾಡಾಗಿಸಿದರು. ಬೇರೆ ಬೇರೆ ನಿರ್ಮಾಪಕರ ಜೊತೆ ಕೆಲಸ ಮಾಡಿ, ಯಾವುದು ಚೆನ್ನಾಗಿತ್ತೋ ಅದನ್ನು ಉಳಿಸಿಕೊಂಡರು. 'ಸಮ್‌ಒನ್ ಲೈಕ್ ಯೂ' ಹಾಡಿನಲ್ಲಿ ಇರುವುದು ಪಿಯಾನೋ ಮತ್ತು ದನಿ ಮಾತ್ರ.

ಹಾಗಾದರೆ ಶಾಪದ ಮಾತು ಪೂರ್ತಿ ಸುಳ್ಳೇ? ಒಂದೇ ಉದಾಹರಣೆ ಹಿಡಿದು ಹಾಗೆಂದರೆ, ಒಂದೇ ಫೋಟೊ ನೋಡಿ ಫಾರ್ವರ್ಡ್ ಮಾಡುವವರ ತಪ್ಪನ್ನೇ ನಾವೂ ಮಾಡಿದಂತೆ. ಗೆದ್ದವರ ಎರಡನೇ ಪ್ರಯತ್ನ ಎಷ್ಟೋ ಸಲ ಮೊದಲಿನಷ್ಟು ಓಡುವುದಿಲ್ಲ. ಅದಕ್ಕೆ ಎರಡು ಸರಳ ಕಾರಣಗಳಿವೆ.

ಮೊದಲನೆಯದು ಸಮಯ. ಮೊದಲ ಆಲ್ಬಂಗೆ ಹಲವು ವರ್ಷಗಳಿಂದ ಕೂಡಿಟ್ಟ ಹಾಡುಗಳಿರುತ್ತವೆ. ಎರಡನೆಯದನ್ನು ಪ್ರವಾಸ, ಸಂದರ್ಶನಗಳ ನಡುವೆ ಬೇಗ ಮುಗಿಸಬೇಕು.

ಎರಡನೆಯದು ಲೆಕ್ಕ. ದೊಡ್ಡ ಹಿಟ್‌ಗೆ ಪ್ರತಿಭೆಯ ಜೊತೆ ಅದೃಷ್ಟವೂ ಕೂಡಿಬರಬೇಕು. ಮುಂದಿನ ಸಲ ಪ್ರತಿಭೆ ಇದ್ದೇ ಇರುತ್ತದೆ, ಆದರೆ ಅದೃಷ್ಟ ಅಷ್ಟೇ ಇರಬೇಕೆಂದಿಲ್ಲ. ಮೊದಲ ಆಲ್ಬಂ ಸೋತವರ ಎರಡನೆಯದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಮಗೆ ಕಾಣುವುದು ಶಿಖರದಿಂದ ಇಳಿದವರು ಮಾತ್ರ. ಇದಕ್ಕೆ 'ಸರಾಸರಿಯತ್ತ ಮರಳುವಿಕೆ' ಎನ್ನಬಹುದು. ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರ ಇರುವುದಿಲ್ಲ ಎಂದು 1886ರಲ್ಲೇ ಫ್ರಾನ್ಸಿಸ್ ಗಾಲ್ಟನ್ ತೋರಿಸಿದ್ದರು.

ಇದು ಹಾಡಿಗಷ್ಟೇ ಸೀಮಿತವಲ್ಲ. ಒಂದು ಪರೀಕ್ಷೆಯಲ್ಲಿ 98 ಅಂಕ ತೆಗೆದ ಮಗು ಮುಂದಿನದರಲ್ಲಿ 90 ತೆಗೆದರೆ 'ದೃಷ್ಟಿ ತಾಗಿದೆ' ಎನ್ನುತ್ತೇವೆ, ಇಲ್ಲವೇ ಮಗುವನ್ನು ಬೈಯುತ್ತೇವೆ. ಮಂಡಿನೋವು ವಿಪರೀತವಾದಾಗ ವಾಟ್ಸಾಪ್‌ನಲ್ಲಿ ಬಂದ ಕಷಾಯ ಕುಡಿಯುತ್ತೇವೆ. ಏರಿದ ನೋವು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಕಷಾಯಕ್ಕೆ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಟ್ಟರೆ ನಷ್ಟ ನಮಗೇ.

ಆದ್ದರಿಂದ 'ಇದು ಮಾಡಿದ್ದಕ್ಕೇ ಹೀಗಾಯ್ತು' ಎಂಬ ಸಂದೇಶ ಬಂದರೆ, ಕಳಿಸುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಏನೂ ಮಾಡದಿದ್ದರೂ ಹೀಗೇ ಆಗುತ್ತಿತ್ತೇ?